ನಂದಾಳ ಅಕ್ಕ

ಬರ್ಮಾದಲ್ಲಿ ಭೂಮಿ ನಡುಗಿದ ದಿನ ಗುಣವತಿಯೂ ನಂದಾಳೂ ಬೆಳಗಿನ ಪಾಳಿಯಲ್ಲಿದ್ದರು. ಲಂಡನ್ನಿನ ಹೇಸ್‌ನ ಒಂದು ಗೋದಾಮಿನಲ್ಲಿ ವಿಮಾನಗಳಿಗೆ ಊಟ ಜೋಡಿಸುವ ಕೆಲಸ. ಬೆಲ್ಟಿನ ಮೇಲೆ ಟ್ರೇಗಳು ಸರಿದುಬರುತ್ತವೆ. ಗುಣವತಿ ಬ್ರೆಡ್ ಇಡುತ್ತಾಳೆ, ಪಕ್ಕದಲ್ಲಿ ನಿಂತ ನಂದಾ ಬೆಣ್ಣೆಯ ಪೊಟ್ಟಣ ಇಡುತ್ತಾಳೆ. ಫೋನನ್ನು ಲಾಕರಿನಲ್ಲಿಟ್ಟೇ ಒಳಗೆ ಬರಬೇಕಾದ್ದರಿಂದ, ಟೀ ಹೊತ್ತಿಗೆ ಸುದ್ದಿ ನೋಡುವಷ್ಟರಲ್ಲಿ ಅಲ್ಲಿ ಎಲ್ಲ ಬಿದ್ದು ಧೂಳು ಕೂತು ಬಹಳ ಹೊತ್ತಾಗಿತ್ತು. ಐರಾವತಿ ನದಿಯ ಹಳೆಯ ಕಬ್ಬಿಣದ ಸೇತುವೆ ನೀರಿಗೆ ಕುಸಿದು ಬಿದ್ದಿರುವ ಚಿತ್ರ ನೋಡಿ ನಂದಾ ಫೋನನ್ನು ಮಗುಚಿಟ್ಟಳು. ಆ ಸೇತುವೆಯ ಪಕ್ಕದಲ್ಲೇ ಅವಳ ಊರು, ಇನ್ವಾ.

ನಂದಾ ಎಂದರೆ ನಮ್ಮ ಕಡೆಯ ಹೆಸರೇ ಎಂದು ಗುಣವತಿ ಮೊದಲ ದಿನವೇ ಖುಷಿಪಟ್ಟಿದ್ದಳು. ಬರ್ಮಾದಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಊರಿಗೆ ಮರಳಲಾಗದೆ ಇಲ್ಲೇ ಆಶ್ರಯ ಕೇಳಿ ಉಳಿದವಳು ಅವಳು. ಗುಣವತಿಯ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ಇಬ್ಬರ ನಡುವಿನ ಭಾಷೆ ಬೆಲ್ಟಿನ ಬದಿಯಲ್ಲಿ ಕಲಿತ ಇಂಗ್ಲಿಷು. ಆದರೆ ‘ಗುಣಕ್ಕ’ ಎಂದು ಕರೆಯುವುದನ್ನು ಮಾತ್ರ ನಂದಾ ಮನೆಗೆ ಬರುವ ಊರಿನವರಿಂದ ಕಲಿತಿದ್ದಳು.

ತಾಯಿಯಿಲ್ಲದ ನಂದಾಳನ್ನು ಸಾಕಿದವಳು ಅಕ್ಕ ಖಿನ್ ಮ್ಯಾ. ಭೂಕಂಪವಾಗಿ ಕೆಲವು ವಾರಗಳ ನಂತರ ಅವಳ ಫೋನಿನಿಂದ ಒಂದು ಸಾಲು ಬಂತು. ‘ಚೆನ್ನಾಗಿದ್ದೇವೆ. ಮನೆಯ ಮಾಡು ಬಿದ್ದಿದೆ. ಚಿಂತೆ ಬೇಡ.’ ಆಮೇಲೂ ಬಂದದ್ದೆಲ್ಲ ಅಂಥದೇ ಸಾಲುಗಳು. ನಂದಾ ಕರೆ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಮಳೆಗಾಲ ಕಳೆಯಿತು, ಚಳಿ ಶುರುವಾಯಿತು. ಒಂದು ಸಲವೂ ಅಕ್ಕನ ದನಿ ಕೇಳಲಿಲ್ಲ.

“ಅಕ್ಕ ಬರೆಯುವವಳಲ್ಲ, ಗುಣಕ್ಕ,” ಎಂದಳು ನಂದಾ ಒಂದು ದಿನ, ಬೆಣ್ಣೆಯ ಪೊಟ್ಟಣಗಳ ಮೇಲೆ ಕಣ್ಣಿಟ್ಟುಕೊಂಡೇ. “ಒಂದು ಮಾತು ಕೇಳಿದರೆ ಹತ್ತು ಹೇಳುವವಳು. ಇದನ್ನು ಬರೆಯುತ್ತಿರುವುದು ಅವಳಲ್ಲ. ಅವಳು ಹೋಗಿಬಿಟ್ಟಿದ್ದಾಳೆ. ಭಾವ ನನಗೆ ಹೇಳಲಾರದೆ ಅವಳ ಫೋನಿನಿಂದ ಬರೆಯುತ್ತಿದ್ದಾನೆ.”

ಅವತ್ತಿನಿಂದ ಗುಣವತಿಗೂ ಕೂತಲ್ಲಿ ಕೂರಲಾಗಲಿಲ್ಲ. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುವಾಗ ಮಹಡಿಯ ಮೇಲೆ ನಂದಾ ಅತ್ತಿಂದಿತ್ತ ನಡೆಯುವ ಸದ್ದು ಕೇಳುತ್ತಿತ್ತು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಕೆಳಗೆ ಗುಣವತಿಯೂ ತನಗೇ ಅರಿವಿಲ್ಲದೆ ಅಡುಗೆಮನೆಯಲ್ಲಿ ಹಾಗೆಯೇ ಓಡಾಡುತ್ತಿದ್ದಳು.

ಜನವರಿಯಲ್ಲಿ ಕುಂದಾಪುರದಲ್ಲಿ ಅಣ್ಣನ ಮಗನ ಮದುವೆ. ಟಿಕೆಟ್ ಮಾಡುವ ಹೊತ್ತಿಗೆ ಗುಣವತಿ ಗಂಡನ ಮುಂದೆ ಬರ್ಮಾಕ್ಕೂ ಹೋಗಿಬರುವ ವಿಷಯ ಎತ್ತಿದಳು. ಶೀನಪ್ಪ ರೇನರ್ಸ್ ಲೇನಿನ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಕಾಲು ನೀಡಿಕೊಂಡು ಟಿವಿ ನೋಡುತ್ತಿದ್ದವನು ತಿರುಗಿ ಕೂತ.

“ನಿಂಗೆ ತಲಿ ಸಮ ಇತ್ತಾ? ಬರ್ಮಾ ಎಲ್ಲಿತ್ ಅಂದೇಳಿ ಗೊತ್ತಿತ್ತಾ?”

“ಗೊತ್ತಿಲ್ಲ. ಹೋದ್ರೆ ಗೊತ್ತಾತ್ತ್.”

“ಅಲ್ಲಿ ಯುದ್ಧ ಆತಾ ಇತ್ತ್ ಮಾರಾಯ್ತಿ. ಇಲ್ಲದ್ ಉಸಾಬರಿ ನಮ್ಗೆಂತಕ್ಕೆ?”

“ಒಂದ್ ದಿನ ಅಷ್ಟೆ. ಹೋಯ್ ಅವ್ಳ ಅಕ್ಕನ ಮುಖ ಕಂಡ್ಕಂಡ್ ಬತ್ತೆ.”

ಮಗಳು ತೃಷಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. “ಮಮ್, ಆರ್ ಯೂ ಸೀರಿಯಸ್? ಗವರ್ನಮೆಂಟ್ ಟ್ರಾವೆಲ್ ಅಡ್ವೈಸ್ ಓದಿದ್ದೀಯಾ? ದೇ ಸೇ ಡೋಂಟ್ ಗೋ.” ಆದರೆ ಎರಡು ದಿನ ವಾದ ಮಾಡಿದ ಮೇಲೆ ವೀಸಾಕ್ಕೆ ಅರ್ಜಿ ಹಾಕಿದವಳೂ ಅವಳೇ, ಬ್ಯಾಂಕಾಕಿನಿಂದ ಮಂಡಲೆಗೆ ವಿಮಾನ ಹುಡುಕಿದವಳೂ ಅವಳೇ.

ನಂದಾಳಿಗಾಗಿ ಮಾತ್ರ ಹೊರಟಿದ್ದೇನೆ ಎಂದು ಗುಣವತಿ ಯಾರಿಗೆ ಹೇಳಿಕೊಂಡರೂ ಅದು ಪೂರ್ತಿ ನಿಜವಾಗಿರಲಿಲ್ಲ. ಇಷ್ಟು ವರ್ಷ ಅವಳ ಕೈಯಿಂದ ಹೋದ ಟ್ರೇಗಳು ಎಲ್ಲೆಲ್ಲಿಗೋ ಹಾರಿದ್ದವು. ಅವಳು ಮಾತ್ರ ಹಾರಿದ್ದು ಮಂಗಳೂರಿಗೆ. ಅಲ್ಲಿಂದ ಅಣ್ಣನ ಮನೆ, ನಾದಿನಿಯ ಮನೆ, ವಾಪಸು. ನೆಂಟರಿಲ್ಲದ ಒಂದು ಊರಿನಲ್ಲಿ ಇಳಿದರೆ ತಾನು ಹೇಗಿರುತ್ತೇನೆ ಎಂದು ನೋಡುವ ಆಸೆ ಐವತ್ತಾರನೆಯ ವಯಸ್ಸಿನಲ್ಲಿ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ನಂದಾ ಕೊಟ್ಟ ಗಂಟನ್ನು ಅವಳು ಪೆಟ್ಟಿಗೆಯ ತಳದಲ್ಲಿಟ್ಟುಕೊಂಡಳು. ಉಣ್ಣೆಯ ಕೋಟು, ಮಂಡಿನೋವಿನ ಮುಲಾಮು, ಚಾಕಲೇಟು. ಜೊತೆಗೆ ಅಕ್ಕ ಭಾವಂದಿರ ಫೋಟೊ. ಭಾವನ ಹೆಸರು ಕೋ ಟುನ್. ಇನ್ವಾದಲ್ಲಿ ಪ್ರವಾಸಿಗಳಿಗೆ ಜಟಕಾ ಓಡಿಸುವವನು; ಫೋಟೊದಲ್ಲಿ ದುಂಡು ಮುಖ, ತುಂಬುಗೂದಲು, ಬಾಯಿತುಂಬ ನಗು.

ಮದುವೆ ಮುಗಿಯಿತು. ಮಂಡಲೆಯಿಂದ ಟ್ಯಾಕ್ಸಿಯಲ್ಲಿ ಹೋಗಿ, ಸಣ್ಣ ಹೊಳೆಯೊಂದನ್ನು ದೋಣಿಯಲ್ಲಿ ದಾಟಿದರೆ ಇನ್ವಾ. ದೋಣಿಯಲ್ಲಿ ಗುಣವತಿಯ ಜೊತೆ ಇಬ್ಬರು ಭಿಕ್ಷುಗಳು, ಒಂದು ಸೈಕಲ್ಲು, ಬದನೆಕಾಯಿಯ ಬುಟ್ಟಿ ಹಿಡಿದ ಒಬ್ಬ ಹೆಂಗಸು. ಹೆಂಗಸಿನ ಕೆನ್ನೆಯ ಮೇಲೆ ತೇಯ್ದ ಗಂಧದಂಥದೇನೋ ಬಳಿದಿತ್ತು. ಆಚೆ ದಡದಲ್ಲಿ ಮರದ ನೆರಳಿಗೆ ಜಟಕಾಗಳು ಸಾಲಾಗಿ ನಿಂತಿದ್ದವು. ಹತ್ತುವವರಿಲ್ಲ. ಕುದುರೆಗಳು ಬಾಲದಿಂದ ನೊಣ ಓಡಿಸುತ್ತಿದ್ದವು.

ಸಾಲಿನ ಮುಂದಿದ್ದವನ ಹತ್ತಿರ ಹೋಗಿ ಗುಣವತಿ ಫೋಟೊ ತೋರಿಸಿದಳು. “ಕೋ ಟುನ್. ಗೊತ್ತಾ ನಿಮಗೆ? ಅವನ ಹೆಂಡತಿ ಖಿನ್ ಮ್ಯಾ?”

ಆ ಮನುಷ್ಯ ಒಣಕಲು. ಬೋಳಿಸಿದ ತಲೆಯಲ್ಲಿ ಕೂದಲು ಈಗಷ್ಟೇ ಚಿಗುರಿದಂತಿತ್ತು. ಫೋಟೊವನ್ನು ಬಹಳ ಹೊತ್ತು ನೋಡಿದ. ಆಮೇಲೆ ಗುಣವತಿಯ ಮುಖ ನೋಡಿದ, ಅವಳ ಹಿಂದಿದ್ದ ದೋಣಿಗಟ್ಟೆ ನೋಡಿದ.

“ಹತ್ತಿ ಮೇಡಂ,” ಎಂದ ಇಂಗ್ಲಿಷಿನಲ್ಲಿ. “ಮೊದಲು ದೇವಸ್ಥಾನ.”

“ದೇವಸ್ಥಾನ ಬೇಡ. ಈ ಮನೆ.”

“ಮೊದಲು ದೇವಸ್ಥಾನ,” ಎಂದು ಎಡಗೈಯಲ್ಲಿ ಲಗಾಮು ಎತ್ತಿದ.

ಬೇರೆ ದಾರಿ ಕಾಣದೆ ಗುಣವತಿ ಹತ್ತಿದಳು. ಮಣ್ಣುರಸ್ತೆಯಲ್ಲಿ ಜಟಕಾ ಕುಲುಕುತ್ತ ಹೊರಟಿತು. ಇಷ್ಟು ಸದ್ದಿಲ್ಲದ ಊರನ್ನು ಅವಳು ನೋಡಿಯೇ ಇರಲಿಲ್ಲ. ಎರಡೂ ಬದಿಗೆ ಬಾಳೆ, ತಾಳೆ, ಭತ್ತದ ಗದ್ದೆ. ಗದ್ದೆಯ ನಡುವೆ ಅಲ್ಲೊಂದು ಇಲ್ಲೊಂದು ಇಟ್ಟಿಗೆಯ ಗೋಪುರ; ಕೆಲವಕ್ಕೆ ತಲೆಯಿಲ್ಲ, ಕೆಲವು ಬರೀ ರಾಶಿ. ಇದು ನೂರಾರು ವರ್ಷ ರಾಜಧಾನಿಯಾಗಿತ್ತೆಂದು ನಂದಾ ಹೇಳಿದ್ದಳು. ಗಾಡಿಯವನು ಒಂದು ಹಳೆಯ ಗೋಡೆಯ ಗುರುತು ತೋರಿಸಿ, “ಅರಮನೆ,” ಎಂದ. ಗುಣವತಿಗೆ ಕಂಡದ್ದು ಕಡಲೆಕಾಯಿ ಹೊಲ ಮತ್ತು ಅದರಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ ಇಬ್ಬರು.

“ಇನ್ನೂರು ವರ್ಷದ ಹಿಂದೆ ಹೀಗೇ ಭೂಮಿ ನಡುಗಿತು,” ಎಂದ ಗಾಡಿಯವನು. “ರಾಜ ಊರು ಬಿಟ್ಟು ಹೋದ. ಬೇರೆ ಕಡೆ ಅರಮನೆ ಕಟ್ಟಿದ. ನಾವು ಇಲ್ಲೇ ಉಳಿದೆವು.”

ತೇಗದ ಕಂಬಗಳ ಒಂದು ವಿಹಾರದ ಮುಂದೆ ನಿಲ್ಲಿಸಿದ. ಗುಣವತಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕಂಬಗಳನ್ನು ಇಬ್ಬರು ಸೇರಿದರೂ ತಬ್ಬಲಾಗುತ್ತಿರಲಿಲ್ಲ. ಒಳಗೆ ತಂಪು, ಕತ್ತಲು, ಹಳೆಯ ಮರದ ವಾಸನೆ. ಬುದ್ಧನ ಮುಂದೆ ಕೈಮುಗಿದಳೇ ಹೊರತು ಮನಸ್ಸು ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆಯೇ ವಿಮಾನ. ಬಿಸಿಲು ಏರುತ್ತಿದೆ. ಈ ಮನುಷ್ಯ ನನ್ನನ್ನು ಸುಮ್ಮನೆ ಸುತ್ತಿಸುತ್ತಿದ್ದಾನೆ. ಹೊರಗೆ ಬಂದು, “ಮನೆ?” ಎಂದು ಕೇಳಿದಳು. “ಇನ್ನೊಂದು,” ಎಂದ ಅವನು.

ಇನ್ನೊಂದು ಎಂದರೆ ಒಬ್ಬ ರಾಣಿ ಕಟ್ಟಿಸಿದ ಇಟ್ಟಿಗೆಯ ವಿಹಾರ. ಈಗ ಅಲ್ಲಿದ್ದದ್ದು ಗುಡ್ಡದಂಥ ರಾಶಿ. ಅದಾದ ಮೇಲೆ ಮರದಡಿಯ ಮೂರು ಗೋಪುರಗಳು. ಅದಾದ ಮೇಲೆ, ಮಾಡಿಲ್ಲದ ಕಂಬಗಳ ನಡುವೆ ಬಿಸಿಲಿನಲ್ಲಿ ಕೂತ ಒಬ್ಬ ಬುದ್ಧ. ಅಲ್ಲಿ ಗುಣವತಿ ಗಾಡಿಯಿಂದ ಇಳಿಯಲಿಲ್ಲ. ಕೆಳಗಿಳಿಯಲು ಅವನು ಒಂದು ಸಲವೂ ಕೈ ನೀಡಿರಲಿಲ್ಲ. ಬಲಗೈಯನ್ನು ಮಡಿಲಲ್ಲಿ ಒಂದು ಬಟ್ಟೆಯ ಕೆಳಗೆ ಇಟ್ಟುಕೊಂಡೇ ಇದ್ದ. ಮರ್ಯಾದೆ ಇಲ್ಲದವನು ಎಂದುಕೊಂಡಿದ್ದ ಅವಳಿಗೆ ಈಗ ಸಿಟ್ಟೇ ಬಂತು.

“ನಾನು ಪ್ರವಾಸಕ್ಕೆ ಬಂದವಳಲ್ಲ. ಲಂಡನ್ನಿನಲ್ಲಿ ಒಬ್ಬಳು ಊಟ ನಿದ್ದೆ ಬಿಟ್ಟು ಕೂತಿದ್ದಾಳೆ. ಅವಳ ಅಕ್ಕ ಇದ್ದಾಳೋ ಇಲ್ಲವೋ ಅಷ್ಟು ಹೇಳಿ. ಇಲ್ಲದಿದ್ದರೆ ನಾನು ನಡೆದುಕೊಂಡೇ ಹುಡುಕುತ್ತೇನೆ.”

ಅವನು ಸುತ್ತ ನೋಡಿದ. ದೂರದಲ್ಲಿ ಒಂದು ದನ ಮೇಯುತ್ತಿತ್ತು, ಅಷ್ಟೆ.

“ಇದ್ದಾಳೆ,” ಎಂದ. “ನಾನೇ ಕೋ ಟುನ್.”

ಗುಣವತಿ ಫೋಟೊ ತೆಗೆದು ನೋಡಿದಳು, ಅವನನ್ನು ನೋಡಿದಳು. ಮೂಗು ಅದೇ ಇರಬಹುದು. ಉಳಿದದ್ದೆಲ್ಲ ಬೇರೆ ಯಾರದೋ.

“ದೋಣಿಗಟ್ಟೆಯಲ್ಲಿ ಯಾರು ಯಾರನ್ನು ನೋಡುತ್ತಾರೆ ಗೊತ್ತಿಲ್ಲ. ಹೊರಗಿನವರು ಬಂದರೆ ಹೊರಗಿನವರ ಹಾಗೆ ಸುತ್ತಬೇಕು. ಮತ್ತೆ ನನಗೂ ಯೋಚನೆ ಮಾಡಬೇಕಿತ್ತು, ನಿಮ್ಮನ್ನು ಮನೆಗೆ ಕರೆದುಕೊಂಡು ಹೋಗಲೋ ಬೇಡವೋ ಅಂತ.”

ಮನೆ ಎಂದರೆ ಬಿದಿರಿನ ತಟ್ಟಿ, ಮೇಲೆ ನೀಲಿ ಟಾರ್ಪಾಲು. ಪಕ್ಕದಲ್ಲಿ ಹಳೆಯ ಮನೆಯ ಇಟ್ಟಿಗೆಗಳನ್ನು ಒಟ್ಟಿಟ್ಟಿದ್ದರು. ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಹೆಂಗಸು ತಲೆಯೆತ್ತಿದಾಗ ಗುಣವತಿಗೆ ಅನುಮಾನವೇ ಉಳಿಯಲಿಲ್ಲ. ನಂದಾಳ ಮುಖವೇ, ಹದಿನೈದು ವರ್ಷ ಮುಂದೆ ಹೋದ ಹಾಗೆ. ಗುಣವತಿಗೆ ಕಣ್ಣು ತುಂಬಿ ಬಂತು. ಖಿನ್ ಮ್ಯಾ ಮಾತ್ರ ಗಂಡನ ಮಾತು ಕೇಳಿಸಿಕೊಂಡು ಎದ್ದು ಒಲೆಯ ಕಡೆ ಹೋದಳು.

ಊಟ ಹಾಕಿದಳು. ಅನ್ನ, ಹುಳಿ ಸೊಪ್ಪಿನ ಸಾರು, ಮೀನು. ಒಂದು ಬಟ್ಟಲಿನಲ್ಲಿ ಕುಟ್ಟಿದ ಒಣಸಿಗಡಿ. ಅದರ ವಾಸನೆಗೆ ಗುಣವತಿಗೆ ತವರುಮನೆಯೇ ಮೂಗಿಗೆ ಬಂದಂತಾಯಿತು. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಬಡಿಸುವಾಗ ಖಿನ್ ಮ್ಯಾ ಅವಳ ತಟ್ಟೆಯನ್ನೇ ನೋಡುತ್ತಿದ್ದಳು. ತಂಗಿಯ ಬಗ್ಗೆ ಒಂದು ಮಾತು ಕೇಳಲಿಲ್ಲ. ಗಂಟನ್ನು ಕೊಟ್ಟಾಗ ತೆಗೆದುಕೊಂಡು, ಬಿಚ್ಚದೆ ಮೂಲೆಯಲ್ಲಿಟ್ಟಳು. ಗುಣವತಿ ಫೋನೆತ್ತಿ, ಒಂದು ವಿಡಿಯೊ ತೆಗೆಯಲೇ ಎಂದು ಸನ್ನೆ ಮಾಡಿದಳು. ಖಿನ್ ಮ್ಯಾ ಬಂದು ಫೋನಿನ ಮೇಲೆ ಅಂಗೈ ಇಟ್ಟು ಕೆಳಗೆ ತಗ್ಗಿಸಿದಳು.

ಆಮೇಲೆ ಮಾತಾಡತೊಡಗಿದಳು. ನಂದಾ ಹೇಳಿದ್ದು ನಿಜ, ಒಂದು ಕೇಳಿದರೆ ಹತ್ತು ಹೇಳುವವಳೇ. ದನಿ ಏರಿಸದೆ, ನಿಲ್ಲಿಸದೆ, ಬಹಳ ಹೊತ್ತು ಆಡಿದಳು. ಕೋ ಟುನ್ ಅದನ್ನು ಚಿಕ್ಕದು ಮಾಡಿ ಇಂಗ್ಲಿಷಿನಲ್ಲಿ ಹೇಳಿದ.

“ಹೋದ ವರ್ಷ ಫೆಬ್ರವರಿಯಲ್ಲಿ ಲಂಡನ್ನಿನ ರಸ್ತೆಯಲ್ಲಿ ನಂದಾ ಮೈಕು ಹಿಡಿದು ಸೈನ್ಯದ ವಿರುದ್ಧ ಮಾತಾಡಿದಳು. ಆ ವಿಡಿಯೊ ಇಲ್ಲೆಲ್ಲ ಬಂತು. ಮಾರ್ಚಿನಲ್ಲಿ ಸಮವಸ್ತ್ರದವರು ಬಂದು ನನ್ನನ್ನು ಕರೆದುಕೊಂಡು ಹೋದರು. ಭೂಮಿ ನಡುಗಿದಾಗ ನಾನು ಜೈಲಿನೊಳಗಿದ್ದೆ. ಇವಳ ಮೇಲೆ ಮನೆ ಬಿತ್ತು. ಅಕ್ಕಪಕ್ಕದವರು ಎಳೆದು ತೆಗೆದರು. ನಾನು ಇದ್ದೆನೋ ಸತ್ತೆನೋ ಇವಳಿಗೆ ಮಳೆಗಾಲ ಮುಗಿಯುವವರೆಗೂ ಗೊತ್ತಿರಲಿಲ್ಲ.”

ಬಲಗೈಯ ಮೇಲಿನ ಬಟ್ಟೆ ಸರಿಸಿದ. ಬೆರಳುಗಳು ಒಂದೊಂದು ಒಂದೊಂದು ಕಡೆ ತಿರುಗಿದ್ದವು. ಗುಣವತಿ ಮುಖ ತಿರುಗಿಸಲಿಲ್ಲ.

“ನಂದಾಳಿಗೆ ಇದು ಗೊತ್ತಿಲ್ಲ,” ಎಂದಳು.

ಕೋ ಟುನ್ ಹೆಂಡತಿಗೆ ಹೇಳಿದ. ಉತ್ತರ ಚಿಕ್ಕದಿತ್ತು. ಅದನ್ನು ಇಂಗ್ಲಿಷಿಗೆ ತರಲು ಅವನು ಹಿಂಜರಿದ.

“ಮೈಕು ಹಿಡಿದದ್ದು ಅಲ್ಲಿ, ಏಟು ಬಿದ್ದದ್ದು ಇಲ್ಲಿ, ಅನ್ನುತ್ತಾಳೆ. ಅವಳ ದನಿ ಕೇಳಿದರೆ ಏನಾದರೂ ಅಂದುಬಿಡುತ್ತೇನೆ, ಅದಕ್ಕೇ ಫೋನ್ ಎತ್ತುವುದಿಲ್ಲ ಅನ್ನುತ್ತಾಳೆ. ಅಕ್ಕ ಸತ್ತಳು ಅಂತ ನೀವು ಹೋಗಿ ಹೇಳಿಬಿಡಬೇಕಂತೆ.”

“ಅದು ನನ್ನಿಂದ ಆಗದು,” ಎಂದಳು ಗುಣವತಿ.

ಕೋ ಟುನ್ ಅವಳನ್ನು ದೋಣಿಗಟ್ಟೆಗೆ ವಾಪಸು ಬಿಟ್ಟ. ಇಳಿದ ಮೇಲೆ ಹೇಳಿದ, “ನಾನೂ ಆ ವಿಡಿಯೊ ನೋಡಿದೆ. ಚೆನ್ನಾಗಿ ಮಾತಾಡಿದಳು. ತಪ್ಪೇನೂ ಹೇಳಲಿಲ್ಲ. ನೀವು ಒಂದು ಮಾಡಿ. ಎಲ್ಲರೂ ಚೆನ್ನಾಗಿದ್ದಾರೆ ಅನ್ನಿ. ನನ್ನ ಕೈಯ ವಿಷಯ ಬೇಡ.”

ಹೀಥ್ರೂ ವಿಮಾನನಿಲ್ದಾಣದಲ್ಲಿ ಶೀನಪ್ಪನ ಪಕ್ಕದಲ್ಲಿ ನಂದಾ ನಿಂತಿದ್ದಳು, ಎರಡೂ ಕೈಯಲ್ಲಿ ತಡೆಗಂಬಿ ಹಿಡಿದುಕೊಂಡು.

“ನೋಡಿದೆಯಾ? ನಿನ್ನ ಕಣ್ಣಾರೆ?”

“ನೋಡಿದೆ. ಊಟ ಹಾಕಿದಳು. ಚೆನ್ನಾಗಿದ್ದಾಳೆ,” ಎಂದಳು ಗುಣವತಿ.

ನಂದಾ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಅತ್ತಳು. ಜನ ಪೆಟ್ಟಿಗೆ ತಳ್ಳಿಕೊಂಡು ಸುತ್ತಿ ಹೋದರು. ಅದನ್ನು ನೋಡಿದ ಮೇಲೆ ಗುಣವತಿಗೆ ಮುಂದಿನದು ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ನಂದಾ ಇಡೀ ಮನೆಗೆ ಶಾವಿಗೆ ಮಾಡಿ ಬಡಿಸಿದಳು. “ನನ್ನ ಬಗ್ಗೆ ಏನು ಕೇಳಿದಳು?” ಎಂದಳು. “ಊಟ ಸರಿಯಾಗಿ ಮಾಡುತ್ತಾಳಾ ಅಂತ,” ಎಂದಳು ಗುಣವತಿ. “ಕೋಟು ಸರಿಹೋಯಿತಾ?” “ಸರಿಹೋಯಿತು.” “ಭಾವ?” “ಗಾಡಿ ಹೊಡೆಯುತ್ತಾನೆ.” ಒಂದೊಂದು ಸುಳ್ಳಿಗೂ ಇನ್ನೊಂದು ಬೇಕಾಗುತ್ತಿತ್ತು. ಫೋಟೊ ಯಾಕಿಲ್ಲ ಎಂದು ಕೇಳಿದಾಗ ಫೋನಿನ ಬ್ಯಾಟರಿ ಹೋಗಿತ್ತು ಎಂದಳು.

ಮಹಡಿಯಲ್ಲಿ ಈಗ ನಡಿಗೆಯ ಸದ್ದು ನಿಂತಿತ್ತು. ನಂದಾ ಹಾಡಿಕೊಳ್ಳುತ್ತಿದ್ದಳು. ಕೆಳಗೆ ಗುಣವತಿಗೆ ಮಾತ್ರ ಒಂದು ಕಡೆ ಕೂತು ಚಹಾ ಕುಡಿಯಲೂ ಆಗುತ್ತಿರಲಿಲ್ಲ. ಬೆಲ್ಟಿನಲ್ಲಿ ಒಂದು ಟ್ರೇಗೆ ಎರಡು ಬ್ರೆಡ್ಡು, ಇನ್ನೊಂದಕ್ಕೆ ಏನೂ ಇಲ್ಲ. ಸೂಪರ್‌ವೈಸರ್ ಮಯೂರ್ ಬಂದು, “ಆಂಟಿ, ಹುಷಾರಿಲ್ಲವಾ? ಜಿಪಿ ಡಾಕ್ಟರ ಹತ್ತಿರ ಹೋಗಿ,” ಎಂದ.

ಗಂಡನಿಗೆ ಹೇಳಿದಳು. ಶೀನಪ್ಪ ಎಲ್ಲ ಕೇಳಿ, “ಹೇಳ್ಬೇಡ,” ಎಂದ. “ಈಗ ಸುಖದಲ್ಲಿತ್ತ್ ಆ ಹೆಣ್ಣ್. ಹೇಳಿರೆ ಎಂತ ಸಿಕ್ಕತ್ತ್?”

“ನಂಗೆ ಕೂಕಂಬುಕೆ ಆತ್ತಿಲ್ಲೆ.”

“ನಿಂಗ್ ಕೂಕಂಬುಕೆ ಆತ್ತಿಲ್ಲೆ ಅಂದೇಳಿ ಅವ್ಳ್ ಅಳ್ಕಾ?”

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಆದರೂ ಆ ವಾರ ಪಾಳಿ ಮುಗಿಸಿ ಕಾಲುವೆಯ ಬದಿಯ ದಾರಿಯಲ್ಲಿ ಮನೆಗೆ ನಡೆದು ಬರುವಾಗ, ಅಕ್ಕನಿಗೆ ಇನ್ನೊಂದು ಗಂಟು ಕಳಿಸುವ ಮಾತನ್ನು ನಂದಾ ತೆಗೆದಳು, ಈ ಸಲ ಭಾವನಿಗೆ ಉಣ್ಣೆಯ ಕೈಗವಸು. ಗುಣವತಿ ನಿಂತುಬಿಟ್ಟಳು.

“ಕೈಗವಸು ಬೇಡ,” ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ತನ್ನ ಇಂಗ್ಲಿಷಿನಲ್ಲಿ ಮೃದು ಮಾಡಿ ಹೇಳುವ ಮಾತುಗಳಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ನಂದಾ ಅಳಲಿಲ್ಲ. “ಯಾವ ಕೈ?” ಎಂದು ಕೇಳಿದಳು.

“ಬಲಗೈ.”

“ಲಗಾಮು ಹಿಡಿಯುತ್ತಾನಾ?”

“ಎಡಗೈಯಲ್ಲಿ.”

ಕಾಲುವೆಯಲ್ಲಿ ಒಂದು ದೋಣಿಮನೆ ಹೊಗೆ ಬಿಡುತ್ತ ನಿಂತಿತ್ತು. ನಂದಾ ಅದನ್ನೇ ನೋಡುತ್ತಿದ್ದಳು. “ಅಕ್ಕ ‘ಚೆನ್ನಾಗಿದ್ದೇವೆ’ ಅಂತ ಬರೆದಳು,” ಎಂದಳು ಕೊನೆಗೆ. “ನೀನು ಅಷ್ಟು ದೂರ ಹೋಗಿ, ಅವಳ ಕೈಯ ಅನ್ನ ಉಂಡು ಬಂದು, ನೀನೂ ಅದನ್ನೇ ಹೇಳಿದೆ.”

ಗುಣವತಿಯನ್ನು ಅಲ್ಲೇ ಬಿಟ್ಟು ಮುಂದೆ ನಡೆದಳು.

ಮರುದಿನ ನಂದಾ ಕೆಲಸಕ್ಕೆ ಬರಲಿಲ್ಲ. ಆಮೇಲೆ ಬಂದವಳು ಮಯೂರನನ್ನು ಕೇಳಿ ಬೇರೆ ಬೆಲ್ಟಿಗೆ ಹೋದಳು. ಮನೆಯಲ್ಲಿ ಎದುರು ಸಿಕ್ಕರೆ ದಾರಿ ಬಿಡುತ್ತಿದ್ದಳು, ಮಾತಿಲ್ಲ. ಲಂಡನ್ನಿನ ಆಚೆ ತುದಿಯ ಇಲ್ಫರ್ಡ್‌ನಲ್ಲಿ ಬೇರೆ ಕೋಣೆ ಹುಡುಕುತ್ತಿದ್ದಾಳೆ ಎಂದು ತೃಷಾ ಸುದ್ದಿ ತಂದಳು. “ಡೇ ವನ್ ಹೇಳಬೇಕಿತ್ತು, ಮಮ್,” ಎಂದಳು. ಇನ್ವಾಕ್ಕೆ ಹೋಗಬಾರದಿತ್ತು ಎಂದು ಮಾತ್ರ ಗುಣವತಿಗೆ ಒಂದು ಸಲವೂ ಅನ್ನಿಸಲಿಲ್ಲ. ಬಟ್ಟೆ ಮಡಿಸುವಾಗ, ಬಸ್ಸಿಗೆ ಕಾಯುವಾಗ ಆ ಮಣ್ಣುರಸ್ತೆ, ತಲೆಯಿಲ್ಲದ ಗೋಪುರಗಳು, ರಾಜ ಬಿಟ್ಟುಹೋದ ಹೊಲದಲ್ಲಿ ಕಡಲೆಕಾಯಿ ಕೀಳುವ ಇಬ್ಬರು ಕಣ್ಣಿಗೆ ಬರುತ್ತಿದ್ದರು. ಅವತ್ತು ಸರಿಯಾಗಿ ನೋಡಲೇ ಇಲ್ಲವಲ್ಲ ಎಂದು ಪೇಚಾಡುತ್ತಿದ್ದಳು.

ಮೇಲಿನಿಂದ ಮತ್ತೆ ಸದ್ದು ಬರತೊಡಗಿತು. ಈ ಸಲ ನಡಿಗೆಯಲ್ಲ, ಮಾತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನಂದಾ ಫೋನಿಗೆ ಒಬ್ಬಳೇ ಮಾತಾಡುತ್ತಿದ್ದಳು. ಅಕ್ಕನಿಗೆ ದನಿ ಮುದ್ರಿಸಿ ಕಳಿಸುತ್ತಿದ್ದಾಳೆ ಎಂದು ಗುಣವತಿ ಊಹಿಸಿದಳು. ಹಲವು ದಿನ ಹಾಗೇ ನಡೆಯಿತು. ಆಚೆಯಿಂದ ಉತ್ತರ ಬಂದ ಲಕ್ಷಣವಿರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಗುಣವತಿ ದೋಸೆಗೆ ಚಟ್ನಿ ರುಬ್ಬಿ ಮಿಕ್ಸಿ ನಿಲ್ಲಿಸಿದಾಗ ಮೇಲೆ ಎರಡು ದನಿಗಳು ಕೇಳಿದವು. ಒಂದು ನಂದಾಳದು. ಇನ್ನೊಂದು ಫೋನಿನ ಸ್ಪೀಕರಿನಿಂದ ಬರುತ್ತಿತ್ತು, ನಿಲ್ಲಿಸದೆ, ಉಸಿರು ತೆಗೆದುಕೊಳ್ಳದೆ. ಆ ಓಟ ಗುಣವತಿಗೆ ಗೊತ್ತಿತ್ತು. ನಂದಾ ನಡುವೆ ಬಾಯಿ ಹಾಕಿದಳು. ಆಚೆಯ ದನಿ ಏರಿತು. ನಂದಾಳದೂ ಏರಿತು. ಏನೋ ಕೆಳಗೆ ಬಿದ್ದ ಸದ್ದಾಯಿತು. ಇಬ್ಬರೂ ಒಟ್ಟಿಗೆ ಕಿರುಚತೊಡಗಿದರು.

ಶೀನಪ್ಪ ಪೇಪರ್ ಕೆಳಗಿಟ್ಟು ಮಾಡಿನ ಕಡೆ ನೋಡಿದ. “ಎಂತ ಅದ್, ಜಗಳ ಆಡ್ತ್ರಾ? ನಾನ್ ಹೋಯ್ ಕಾಂಬ್ದಾ?”

“ಬ್ಯಾಡ. ನೀವ್ ಕೂಕಣಿ,” ಎಂದಳು ಗುಣವತಿ.

ಒಂದು ಗಂಟೆಯ ಮೇಲೆ ನಂದಾ ಕೆಳಗಿಳಿದು ಬಂದಳು. ಮುಖ ಊದಿಕೊಂಡಿತ್ತು, ದನಿ ಕಟ್ಟಿತ್ತು. ಗುಣವತಿಯ ಕಡೆ ನೋಡದೆ ಕುರ್ಚಿ ಎಳೆದುಕೊಂಡು ಕೂತಳು. ಗುಣವತಿ ಕೇಳದೆಯೇ ತಟ್ಟೆ ಇಟ್ಟು ದೋಸೆ ಹಾಕಿದಳು.

“ಕ್ಷಮಿಸುವುದಿಲ್ಲವಂತೆ,” ಎಂದಳು ನಂದಾ.

“ಮತ್ತೆ?”

“ಮಾಡಿಗೆ ಇನ್ನೂ ಟಾರ್ಪಾಲೇ ಅಂತೆ. ಮಂಡಿನೋವಿನ ಮುಲಾಮು ಉರಿಯುತ್ತದಂತೆ. ನಿನ್ನನ್ನು ಕಳಿಸಿದ್ದಕ್ಕೂ ಬೈದಳು. ವಯಸ್ಸಾದವಳನ್ನು ಬಿಸಿಲಿನಲ್ಲಿ ಅಲೆಸಿದೆ ಅಂತ.” ದೋಸೆ ಮುರಿದು ಚಟ್ನಿಯಲ್ಲಿ ಅದ್ದಿದಳು. “ಇನ್ನೂ ಬಹಳ ಇದೆಯಂತೆ ಬೈಯುವುದು. ಫೋನಿನಲ್ಲಿ ಚಾರ್ಜ್ ಮುಗಿಯಿತು. ಮುಂದಿನ ಭಾನುವಾರ ಮತ್ತೆ ಕರೆ ಮಾಡುತ್ತಾಳೆ.”

ಗುಣವತಿ ಒಲೆಯ ಕಡೆ ತಿರುಗಿ ಇನ್ನೊಂದು ದೋಸೆ ಹೊಯ್ದಳು. ಇಲ್ಫರ್ಡ್‌ನ ಕೋಣೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.